ಸೈಕಲ್ ಕೊಳ್ಳೋ ಮುಂಚೆ ಚೈನ್ ಅಳೆಯಿರಿ

ಫೈನಲ್ ಇಯರ್‌ನವರ ಎಕ್ಸಾಮ್ ಮುಗೀತಿದ್ದ ಹಾಗೆ ಹಾಸ್ಟೆಲ್ ಗ್ರೂಪಿನಲ್ಲಿ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಸೈಕಲ್ ಮಾರಾಟಕ್ಕಿದೆ, 21 ಗೇರ್, ಡಿಸ್ಕ್ ಬ್ರೇಕ್, ಗುಡ್ ಕಂಡೀಷನ್." ಜೊತೆಗೆ ತೊಳೆದು ಒರೆಸಿದ ಸೈಕಲ್ಲಿನ ಒಂದು ಫೋಟೋ. ಎಷ್ಟೋ ಸಲ ಆ ಫೋಟೋ ಎಡಗಡೆಯಿಂದ ತೆಗೆದದ್ದು. ಚೈನ್ ಇರೋದು ಬಲಗಡೆ. ಬೇಕಂತಲೇ ಹಾಗೆ ತೆಗೀತಾರೆ ಅಂತ ನಾನು ಹೇಳ್ತಾ ಇಲ್ಲ, ಆದರೆ ಬಲಗಡೆ ಫೋಟೋ ಕೂಡ ಕೇಳಿ.

ದಿನಾ ಓಡಿಸೋ ಸೈಕಲ್ಲಿಗೆ ಗೇರ್ ಎಷ್ಟು, ಸಸ್ಪೆನ್ಷನ್ ಇದೆಯಾ ಅಂತ ಕೇಳೋದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಚೈನ್ ಎಷ್ಟು ಸವೆದಿದೆ? ಇದಕ್ಕೆ ಉತ್ತರವನ್ನ ಮಾರುವವರು ಹೇಳಬೇಕಾಗಿಲ್ಲ. ಒಂದು ಸ್ಟೀಲ್ ಟೇಪ್ ಇದ್ದರೆ ಎರಡು ನಿಮಿಷದಲ್ಲಿ ನೀವೇ ಅಳೆಯಬಹುದು.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಇರೋ ದೂರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲು ಹಾಕೋರ ಕಪ್ಪು ಸೈಕಲ್ಲಿನಲ್ಲೂ ಅಷ್ಟೇ, ಲಕ್ಷ ರೂಪಾಯಿಯ ರೇಸ್ ಸೈಕಲ್ಲಿನಲ್ಲೂ ಅಷ್ಟೇ. ಚೈನ್ ಬರೋದಕ್ಕೆ ಮೊದಲು ಸೈಕಲ್ ಹೇಗಿತ್ತು ಅಂತ ಚಿತ್ರದಲ್ಲಿ ನೋಡಿರ್ತೀರಿ: ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟದೊಂದು. ಪೆಡಲ್ಲು ನೇರವಾಗಿ ಮುಂದಿನ ಚಕ್ರಕ್ಕೇ ಇರ್ತಿತ್ತು. ಒಂದು ಸಲ ತುಳಿದರೆ ಚಕ್ರ ಒಂದೇ ಸುತ್ತು. ಹೆಚ್ಚು ವೇಗ ಬೇಕಂದ್ರೆ ಚಕ್ರವನ್ನೇ ದೊಡ್ಡದು ಮಾಡಬೇಕು, ಅದಕ್ಕೆ ಮಿತಿ ನಿಮ್ಮ ಕಾಲಿನ ಉದ್ದ. 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹಾನ್ಸ್ ರೆನಾಲ್ಡ್ ಬುಷ್ ರೋಲರ್ ಚೈನಿಗೆ ಪೇಟೆಂಟ್ ತಗೊಂಡರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಕೊವೆಂಟ್ರಿಯಲ್ಲಿ ಮಾಡಿದ ರೋವರ್ ಸೈಕಲ್ಲಿನಲ್ಲಿ ಚೈನ್ ಹಿಂದಿನ ಚಕ್ರ ತಿರುಗಿಸ್ತಿತ್ತು. ನಮ್ಮ ಶೆಡ್ಡಿನಲ್ಲಿರೋ ಸೈಕಲ್ಲುಗಳೆಲ್ಲ ಆ ಆಕಾರದ ಮೊಮ್ಮಕ್ಕಳು.

ಇನ್ನು ಸವೆತ. "ಚೈನ್ ಎಳೆದುಬಿಟ್ಟಿದೆ" ಅಂತ ಅಂಗಡಿಯವರು ಹೇಳೋದು ಕೇಳಿರ್ತೀರಿ. ನಿಜ ಹೇಳಬೇಕಂದ್ರೆ ಸ್ಟೀಲ್ ಪ್ಲೇಟು ರಬ್ಬರಿನ ಹಾಗೆ ಹಿಗ್ಗೋದಿಲ್ಲ. ನಾವು ತುಳಿಯೋ ಬಲ ಅದನ್ನ ಎಳೆದು ಉದ್ದ ಮಾಡೋ ಅಷ್ಟಿಲ್ಲ. ಸವೆಯೋದು ಪಿನ್ನು, ಮತ್ತು ಅದು ತಿರುಗೋ ರಂಧ್ರ. ಚೈನು ಹಲ್ಲಿನ ಚಕ್ರಕ್ಕೆ ಹತ್ತುವಾಗ ಒಮ್ಮೆ ಬಾಗುತ್ತೆ, ಇಳಿಯುವಾಗ ಒಮ್ಮೆ ನೆಟ್ಟಗಾಗುತ್ತೆ. ಪ್ರತಿ ಸಲವೂ ಪಿನ್ನು ಅದರ ರಂಧ್ರದಲ್ಲಿ ಉಜ್ಜುತ್ತೆ. ಅಲ್ಲಿ ಮರಳಿನ ಕಣ ಸೇರಿದ್ರೆ ಅದು ಎಣ್ಣೆಯ ಜೊತೆ ಕಲೆತು ಅರೆಯೋ ಪೇಸ್ಟ್ ಆಗುತ್ತೆ.

ಒಂದೊಂದು ಜಾಯಿಂಟಿನ ಸವೆತ ಕಣ್ಣಿಗೆ ಕಾಣೋದೇ ಇಲ್ಲ. ಶೇಕಡಾ ಅರ್ಧ ಸವೆದ ಚೈನಿನಲ್ಲಿ ಒಂದು ಜಾಯಿಂಟ್ ಉದ್ದವಾಗಿರೋದು ಸುಮಾರು 0.06 ಮಿ.ಮೀ. ಫಸ್ಟ್ ಇಯರ್ ಲ್ಯಾಬಿನಲ್ಲಿ ಕೈಗೆ ಕೊಟ್ಟ ವರ್ನಿಯರ್‌ನ ಲೀಸ್ಟ್ ಕೌಂಟ್ 0.02 ಇದ್ದರೆ, ಮೂರು ಗೆರೆ ಅಷ್ಟೇ. ಆದರೆ 24 ಜಾಯಿಂಟ್ ಒಟ್ಟಿಗೆ ಅಳೆದರೆ ಅದೇ ತಪ್ಪು 24 ಸಲ ಕೂಡಿ ಒಂದೂವರೆ ಮಿಲಿಮೀಟರ್ ಆಗುತ್ತೆ, ಅದು ಟೇಪಿನಲ್ಲೇ ಕಾಣುತ್ತೆ. ಲ್ಯಾಬಿನಲ್ಲಿ ಎರರ್ ಕೂಡಿಕೊಂಡರೆ ಮಾರ್ಕ್ಸ್ ಹೋಗುತ್ತೆ, ಇಲ್ಲಿ ಅದರಿಂದಲೇ ಉಪಕಾರ.

ಅಳೆಯೋದು ಹೀಗೆ. ಪೆಡಲ್ ಮೇಲೆ ಸ್ವಲ್ಪ ಭಾರ ಕೊಟ್ಟು ಮೇಲಿನ ಚೈನ್ ಬಿಗಿಯಾಗಿರಲಿ. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತೆ, ಹಾಗಾಗಿ ಸೊನ್ನೆಯಿಂದ ಶುರು ಮಾಡಬೇಡಿ. 1 ಇಂಚಿನ ಗೆರೆಯನ್ನ ಒಂದು ಪಿನ್ನಿನ ಮಧ್ಯಕ್ಕೆ ಸರಿಯಾಗಿ ಹಿಡಿದು, ಅಲ್ಲಿಂದ 24ನೇ ಪಿನ್ನು ಎಲ್ಲಿದೆ ನೋಡಿ. ಹೊಸ ಚೈನಿನಲ್ಲಿ ಅದು 13 ಇಂಚಿನ ಗೆರೆಯ ಮೇಲೇ ಇರುತ್ತೆ. ಇಂಚಿನ ಹದಿನಾರನೇ ಒಂದು ಭಾಗ, ಅಂದರೆ 1.6 ಮಿ.ಮೀ. ಮುಂದೆ ಹೋಗಿದ್ದರೆ ಚೈನ್ ಬದಲಾಯಿಸೋ ಕಾಲ. ಹಲ್ಲುಗಳು ಇನ್ನೂ ಚೆನ್ನಾಗಿರೋ ಸಾಧ್ಯತೆ ಹೆಚ್ಚು. ಎಂಟನೇ ಒಂದು ಭಾಗ, ಅಂದರೆ 3 ಮಿಲಿಮೀಟರಿಗಿಂತ ಹೆಚ್ಚು ಮುಂದೆ ಹೋಗಿದ್ದರೆ ಫ್ರೀವೀಲಿನ ಹಲ್ಲುಗಳೂ ಹೋಗಿವೆ ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ.

ಯಾಕೆ ಅಂದ್ರೆ ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರೋದಿಲ್ಲ, ತುದಿಯ ಕಡೆಗೆ ಏರುತ್ತೆ. ಎಲ್ಲ ಹಲ್ಲುಗಳೂ ಹಂಚಿಕೊಳ್ಳಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬೀಳುತ್ತೆ. ಹಲ್ಲು ಕೊಕ್ಕೆಯ ಹಾಗೆ ಒಂದು ಕಡೆಗೆ ಸವೆಯುತ್ತೆ. ಆಮೇಲೆ ಹೊಸ ಚೈನ್ ಹಾಕಿದ್ರೂ ಆ ಕೊಕ್ಕೆ ಹಲ್ಲುಗಳ ಮೇಲೆ ಅದು ಜಾರುತ್ತೆ. ಇದು ಬರೀ ದುಡ್ಡಿನ ಮಾತಲ್ಲ. ಚೈನ್ ಜಾರೋದು ನೀವು ಮೆಲ್ಲಗೆ ತುಳಿಯುವಾಗಲ್ಲ. ಸಿಗ್ನಲ್ ಬಿಟ್ಟ ತಕ್ಷಣ ಸೀಟಿನಿಂದ ಎದ್ದು, ಪೂರ್ತಿ ಮೈಭಾರ ಪೆಡಲ್ ಮೇಲೆ ಹಾಕಿದಾಗ ಜಾರುತ್ತೆ. ಕಾಲಿಗೆ ಆಧಾರವೇ ಇಲ್ಲದೆ ಮುಂದಿನ ಬಾರಿನ ಮೇಲೆ ಬೀಳ್ತೀರಿ, ಹಿಂದೆ ಬಸ್ಸು ಹಾರ್ನ್ ಹೊಡೀತಾ ಇರುತ್ತೆ.

ಈಗ ಆ "21 ಗೇರ್" ವಿಷಯಕ್ಕೆ ಬರೋಣ. ಕಡಿಮೆ ಬೆಲೆಯ ಎಷ್ಟೋ ಗೇರ್ ಸೈಕಲ್ಲುಗಳಲ್ಲಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28ರವರೆಗೆ ಏಳು. ಮೂರೇಳಲಿ ಇಪ್ಪತ್ತೊಂದು, ಸರಿ. ಆದರೆ ಭಾಗಿಸಿ ನೋಡಿ: 42ನ್ನ 24ರಿಂದ ಭಾಗಿಸಿದ್ರೆ 1.75. 34ನ್ನ 20ರಿಂದ, 1.70. 24ನ್ನ 14ರಿಂದ, 1.71. ಮೂರು ಬೇರೆ ಗೇರು, ಕಾಲಿಗೆ ಹೆಚ್ಚುಕಮ್ಮಿ ಒಂದೇ ಅನುಭವ. ಅದರಲ್ಲೂ ಮುಂದೆ ತೀರಾ ಚಿಕ್ಕದು, ಹಿಂದೆ ತೀರಾ ಚಿಕ್ಕದು ಇಟ್ಟರೆ ಚೈನ್ ಓರೆಯಾಗಿ ಓಡಿ ಬೇಗ ಸವೆಯುತ್ತೆ. ಹಾಗಾಗಿ ಕೆಲಸಕ್ಕೆ ಬರೋ ಗೇರುಗಳು 21ರ ಅರ್ಧದಷ್ಟು ಅಂತ ಇಟ್ಕೊಳ್ಳಿ.

ಗೇರಿಲ್ಲದ ಸೈಕಲ್ಲಿನ ಲೆಕ್ಕವೂ ಮಾಡೋಣ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಅನುಪಾತ 2.44. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಒಂದು ಸುತ್ತು ತುಳಿದರೆ ಸುಮಾರು 5 ಮೀಟರ್ ಮುಂದೆ. ನಿಮಿಷಕ್ಕೆ 60 ಸುತ್ತು ಆರಾಮಾಗಿ ತುಳಿದರೂ ಗಂಟೆಗೆ 18 ಕಿಲೋಮೀಟರ್. ಹಾಸ್ಟೆಲ್ಲಿನಿಂದ ಕ್ಲಾಸಿಗೆ, ಅಲ್ಲಿಂದ ಮೆಸ್ಸಿಗೆ, ಸಂಜೆ ಪೇಟೆಗೆ ಹೋಗೋಕೆ ಇದಕ್ಕಿಂತ ಇನ್ನೇನು ಬೇಕು? ರಾಜ್ಯ ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡೋಕೆ ಶುರು ಮಾಡಿದ್ದೂ ಇಂಥ ಗೇರಿಲ್ಲದ ಸೈಕಲ್ಲನ್ನೇ. ನನ್ನ ರೂಮ್‌ಮೇಟ್ ಅದರಲ್ಲೇ ಮೂರು ವರ್ಷ ಹೈಸ್ಕೂಲಿಗೆ ಹೋಗಿ ಬಂದವನು. "ಗೇರ್ ಯಾಕೋ, ಚೈನ್ ಕವರ್ ಇದ್ರೆ ಸಾಕು" ಅನ್ನೋದು ಅವನ ಸಿದ್ಧಾಂತ. ನಾನೂ ಅದೇ ಪಕ್ಷ. ಚೈನ್ ಕವರ್ ಪ್ಯಾಂಟಿಗೆ ಮಸಿ ಹತ್ತದ ಹಾಗೆ ತಡೆಯೋದಷ್ಟೇ ಅಲ್ಲ, ಮಳೆಯಲ್ಲಿ ಮುಂದಿನ ಚಕ್ರ ಎರಚೋ ಮಣ್ಣು ನೀರನ್ನೂ ತಡೆಯುತ್ತೆ. ಮಡ್‌ಗಾರ್ಡ್ ಕೂಡ ಇರಲಿ. ದಾರಿಯಲ್ಲಿ ನಿಜವಾದ ಏರು ಇದ್ದರೆ ಮಾತ್ರ ಗೇರ್ ಬೇಕು, ಆಗಲೂ ಮುಂದೆ ಒಂದು, ಹಿಂದೆ ಏಳು ಇರೋದು ನನ್ನ ಆಯ್ಕೆ. ಕಡಿಮೆ ಬೆಲೆಯ ಮುಂದಿನ ಸಸ್ಪೆನ್ಷನ್ ಬರೀ ತೂಕ.

ಇನ್ನು ಎಣ್ಣೆ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತವರ ತಂಡ ಸೈಕಲ್ ಚೈನಿನ ದಕ್ಷತೆ ಅಳೆದರು. ಅತಿ ಹೆಚ್ಚು ಸಿಕ್ಕಿದ್ದು ಶೇಕಡಾ 98.6. ಆಶ್ಚರ್ಯದ ವಿಷಯ ಅಂದ್ರೆ, ಲ್ಯಾಬಿನ ಸ್ವಚ್ಛ ವಾತಾವರಣದಲ್ಲಿ ಎಣ್ಣೆಯಿಂದ ದಕ್ಷತೆಗೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಎಣ್ಣೆ ಬೇಡ ಅಂತಲ್ಲ. ನಮ್ಮ ರಸ್ತೆ ಲ್ಯಾಬ್ ಅಲ್ಲ. ಇಲ್ಲಿ ಎಣ್ಣೆಯ ಕೆಲಸ ಧೂಳು, ನೀರು, ತುಕ್ಕು ಪಿನ್ನಿನ ತನಕ ಹೋಗದ ಹಾಗೆ ನೋಡಿಕೊಳ್ಳೋದು. ಇದು ಅರ್ಥವಾದ್ರೆ ಹೇಗೆ ಹಾಕಬೇಕು ಅನ್ನೋದೂ ಅರ್ಥವಾಗುತ್ತೆ: ಎಣ್ಣೆ ಬೇಕಿರೋದು ಒಳಗೆ, ಹೊರಗಲ್ಲ. ಹೊರಗೆ ಉಳಿದದ್ದು ಧೂಳಿಗೆ ಗೋಂದು.

ಹಾಗಾಗಿ ಮೊದಲು ಹಳೇ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲ್ಲನ್ನ ಹಿಮ್ಮುಖವಾಗಿ ನಿಧಾನ ತಿರುಗಿಸಿ ಒರೆಸಿ. ಬೆರಳು ಹಲ್ಲಿನ ಚಕ್ರದಿಂದ ದೂರ ಇರಲಿ. ತೀರಾ ಕಪ್ಪಾಗಿದ್ದರೆ ಸ್ವಲ್ಪ ಡೀಸೆಲ್, ಹಳೇ ಟೂತ್ ಬ್ರಷ್, ಅದೂ ರೂಮಿನೊಳಗಲ್ಲ, ಹೊರಗೆ. ಪೂರ್ತಿ ಒಣಗಿದ ಮೇಲೆ ಒಂದೊಂದು ರೋಲರಿಗೂ ಒಂದೊಂದು ಹನಿ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನ ಮತ್ತೆ ಒರೆಸಿ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕಿಗೆ ಒಂದು ಹನಿಯೂ ತಾಗಬಾರದು, ಬ್ರೇಕ್ ಹಿಡಿಯೋದಿಲ್ಲ.

ಯಾವ ಎಣ್ಣೆ? ಸೈಕಲ್ ಚೈನಿಗೇ ಅಂತ ಸಿಗೋದು ಒಳ್ಳೇದು. ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತೆ, ತೆಳು ಆದ್ದರಿಂದ ಬೇಗ ಬೇಗ ಹಾಕಬೇಕು. ಬೈಕಿನಿಂದ ತೆಗೆದ ಹಳೇ ಇಂಜಿನ್ ಆಯಿಲ್ ಬೇಡ, ಅದರಲ್ಲಿ ಮಸಿ, ಲೋಹದ ಪುಡಿ ಎಲ್ಲ ಇರುತ್ತೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಡಿಸೆಂಬರಿನ ಬೆಳಿಗ್ಗೆ ಎಂಟರ ಕ್ಲಾಸಿಗೆ ಹೊರಟಾಗ ಅದು ಚೈನಿನಲ್ಲಿ ತುಪ್ಪದ ಹಾಗೆ ಕೂತಿರುತ್ತೆ. ತಲೆಗೇ ಹಚ್ಚಿಕೊಳ್ಳಿ. ಹಾಸ್ಟೆಲ್ಲಿನ ಎಲ್ಲ ರೋಗಕ್ಕೂ ಮದ್ದು ಅನ್ನಿಸಿಕೊಂಡಿರೋ ಡಬ್ಲ್ಯೂಡಿ-40 ನೀರು ಓಡಿಸೋಕೆ, ಕೊಳೆ ಬಿಡಿಸೋಕೆ ಸರಿ. ಅದರ ಹೆಸರಿನ ಅರ್ಥವೇ ನೀರು ಓಡಿಸೋದು ಅಂತ. ಆದರೆ ಅದರ ಮೇಲೆ ಬೇರೆ ಎಣ್ಣೆ ಹಾಕಲೇಬೇಕು. ಮಳೆಯಲ್ಲಿ ನೆನೆದ ದಿನ ಸಂಜೆಯೇ ಒರೆಸಿ ಎಣ್ಣೆ ಹಾಕಿ. ಭಾನುವಾರದ ತನಕ ಬಿಟ್ಟರೆ ತುಕ್ಕು ಕಾಯೋದಿಲ್ಲ.

ಅಳತೆ ಮೀರಿದ್ದರೆ ಹೊಸ ಚೈನ್ ಹಾಕಿಸಿ. ಅಂಗಡಿಯಲ್ಲಿ ಬರೀ "ಚೈನ್ ಕೊಡಿ" ಅನ್ನಬೇಡಿ, ಗೇರ್ ಇದೆಯಾ, ಹಿಂದೆ ಎಷ್ಟು ಚಕ್ರ ಅಂತ ಹೇಳಿ. ಗೇರಿಲ್ಲದ ಚೈನಿನ ಅಗಲವೇ ಬೇರೆ. ಗೇರಿಲ್ಲದ್ದಾದ್ರೆ ಚೈನ್ ಲಾಕಿನ ಪುಟ್ಟ ಕ್ಲಿಪ್ಪನ್ನ ಒಮ್ಮೆ ನೋಡಿ: ಅದರ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ. ಉಲ್ಟಾ ಹಾಕಿದ್ರೆ ಯಾವುದಾದ್ರೂ ತಾಗಿ ಅದು ಕಳಚಬಹುದು. ಕೊನೆಗೆ ಚೈನಿನ ಮಧ್ಯ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಒಂದು, ಒಂದೂವರೆ ಸೆಂಟಿಮೀಟರ್ ಆಡಬೇಕು. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿಸಿ, ಅತಿ ಬಿಗಿ ಇರೋ ಜಾಗದಲ್ಲಿ ಆ ಅಳತೆ ನೋಡಿ, ಆಮೇಲೆ ಹಿಂದಿನ ಚಕ್ರದ ನಟ್ಟು ಬಿಗಿ ಮಾಡಿಸಿ.