ಜೀರುಂಡೆಯ ಊಟ, ಜೀರುಂಡೆಯೇ ಊಟ

ಮುಂಗಾರಿನ ಹದಮಳೆ ಬಿದ್ದ ಸಂಜೆ ರಾಯದುರ್ಗದ ಬೆಟ್ಟದ ತಪ್ಪಲಲ್ಲಾಗಲಿ, ಮಡಕಶಿರದ ಹೊಲದ ಬದುವಿನಲ್ಲಾಗಲಿ ಕ್ಷಣಕಾಲ ನಿಂತರೆ ‘ಜಿರ್ ಜಿರ್’ ಎಂಬ ನಾದವು ನಮ್ಮ ಕಿವಿಗೆ ಬೀಳುತ್ತದೆ. ಅದು ಜೀರುಂಡೆಯ ಕರೆ. ಹಗಲಿನಲ್ಲಿ ಮರದ ಮೇಲೆ ಕೂಗುವ ಕೀಟಕ್ಕೂ ಕೆಲವರು ಇದೇ ಹೆಸರನ್ನು ಕೊಡುವರು. ನಾವಿಲ್ಲಿ ಹೇಳುವುದು ನೆಲದ ಬಿಲದಲ್ಲಿ ವಾಸಿಸಿ, ಹಿಂಗಾಲುಗಳಿಂದ ನೆಗೆಯುವ, ಮಿಡತೆಯ ಬಳಗದ ಜೀರುಂಡೆಯನ್ನು. ಗಂಡು ಜೀರುಂಡೆಯು ಮುಂದಿನ ರೆಕ್ಕೆಗಳೆರಡನ್ನೂ ಒಂದಕ್ಕೊಂದು ಉಜ್ಜಿ ಹೆಣ್ಣನ್ನು ಕರೆಯುತ್ತದೆ. ಆ ಕರೆಯನ್ನು ಕೇಳುವ ಕಿವಿಗಳಿರುವುದು ತಲೆಯಲ್ಲಲ್ಲ, ಮುಂಗಾಲುಗಳಲ್ಲಿ!

ಇದರ ಆಹಾರವೇನು? ಹುಲ್ಲು, ಬೀಜ, ಎಳೆಯ ಚಿಗುರು, ಕೊಳೆತ ಎಲೆ ಇವೆಲ್ಲವೂ ಆದೀತು. ಆದರೆ ಜೀರುಂಡೆಯು ಕೇವಲ ಸಸ್ಯಾಹಾರಿಯಲ್ಲ. ಇತರ ಕೀಟಗಳ ಮೊಟ್ಟೆಗಳನ್ನೂ, ಮೆತ್ತನೆಯ ಮರಿಹುಳುಗಳನ್ನೂ, ಸತ್ತ ಕೀಟಗಳನ್ನೂ ಅದು ತಿನ್ನುತ್ತದೆ. ಹಸಿವು ಹೆಚ್ಚಿದರೆ ತನ್ನ ಕುಲದ ದುರ್ಬಲರನ್ನೂ ಬಿಡುವುದಿಲ್ಲ.

ಹೀಗೆ ಉಂಡ ಜೀರುಂಡೆಯು ತಾನೇ ಹಲವರಿಗೆ ಉಣಿಸಾಗುತ್ತದೆ. ಹಗಲಿನಲ್ಲಿ ಗೊರವಂಕ, ಬೆಳ್ಳಕ್ಕಿ, ಚಂದ್ರಮುಕುಟ, ಓತಿಕ್ಯಾತಗಳು. ಇರುಳಿನಲ್ಲಿ ನೆಲಗಪ್ಪೆ, ಚೇಳು, ಹಲ್ಲಿ, ಹಾಲಕ್ಕಿಯೆಂಬ ಚಿಕ್ಕ ಗೂಬೆ. ಒಂದು ಬಗೆಯ ಕಣಜವಂತೂ ಜೀರುಂಡೆಯನ್ನು ಕೊಲ್ಲದೆ, ಕೊಂಡಿಯಿಂದ ಚುಚ್ಚಿ ನಿಶ್ಚೇಷ್ಟಗೊಳಿಸಿ, ಬಿಲಕ್ಕೆಳೆದು ಅದರ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಅದೇ ಬುತ್ತಿ.

ಹಾಡೇ ಪ್ರಾಣಕ್ಕೆ ಮುಳುವಾಗುವುದೂ ಉಂಟು. ಹವಾಯಿಯ ಕವಾಯ್ ದ್ವೀಪದಲ್ಲಿ ಒಂದು ನೊಣವು ಗಂಡಿನ ನಾದವನ್ನು ಆಲಿಸಿ ಬಂದು, ಅದರ ಮೇಲೆ ತನ್ನ ಮರಿಹುಳುಗಳನ್ನು ಬಿಡುತ್ತದೆ. 2003ರಲ್ಲಿ ಶೋಧಕರು ನೋಡಿದಾಗ ಅಲ್ಲಿಯ ಗಂಡುಗಳಲ್ಲಿ ಬಹುಪಾಲು ಹಾಡಲಾರದ ರೆಕ್ಕೆಯವಾಗಿದ್ದವು. ಹಾಡಿದವು ನೊಣಕ್ಕೆ ತುತ್ತಾಗಿ, ಮೂಕವಾದವು ಉಳಿದು ಸಂತಾನ ಬೆಳೆಸಿದ್ದವು.

ಹುಲ್ಲಿನಿಂದ ಜೀರುಂಡೆಗೆ, ಜೀರುಂಡೆಯಿಂದ ಓತಿಗೆ, ಓತಿಯಿಂದ ಹಾವಿಗೆ, ಹಾವಿನಿಂದ ಹದ್ದಿಗೆ ಸಾಗುವ ಈ ಸಾಲನ್ನೇ ಆಹಾರ ಸರಪಳಿ ಎನ್ನುತ್ತೇವೆ. ಪ್ರತಿ ಮೆಟ್ಟಿಲಲ್ಲಿಯೂ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮುಂದಿನದಕ್ಕೆ ದೊರೆಯುತ್ತದೆ. ಆದುದರಿಂದಲೇ ಜೀರುಂಡೆಗಳು ಬಹಳ, ಹದ್ದುಗಳು ವಿರಳ.

ಇದರಿಂದ ನಮಗೇನು ಎಂದು ಕೇಳಬಹುದು. ನಮ್ಮ ಸೀಮೆಯ ಬದುಕು ನಿಂತಿರುವುದು ಕಡಲೆಕಾಯಿಯ ಮೇಲೆ. ಜೀರುಂಡೆಯು ಕೆಲವೊಮ್ಮೆ ಎಳೆಯ ಸಸಿಯನ್ನು ಕತ್ತರಿಸುವುದು ನಿಜ. ಕಂಬಳಿಹುಳು ಬೆಳೆಯನ್ನೇ ಬೋಳಿಸುವುದೂ ನಿಜ. ಆದರೆ ಹುಳು ಕಂಡೊಡನೆ ಅಳತೆಯಿಲ್ಲದೆ ವಿಷ ಸಿಂಪಡಿಸಿದರೆ ಹುಳುವಿನೊಡನೆ ಜೇಡ, ಕಣಜ, ಕಪ್ಪೆಗಳೂ ಅಳಿಯುತ್ತವೆ. ಹುಳು ಬೇಗನೆ ಮರಳಿ ಹೆಚ್ಚುತ್ತದೆ. ಅದನ್ನು ತಿನ್ನುವವು ಅಷ್ಟು ಬೇಗ ಹೆಚ್ಚಲಾರವು. ಆಗ ರೈತನಿಗೆ ಸಾಲವೇ ಫಲ.

ಆದ್ದರಿಂದ ತಾಯಿತಂದೆಗಳು ಅಗತ್ಯವರಿತು, ಅಳತೆಯರಿತು ಔಷಧಿ ಬಳಸಲಿ. ಮಕ್ಕಳು ಓತಿಗೆ ಕಲ್ಲೆಸೆಯದಿರಲಿ, ಅಪಶಕುನವೆಂದು ಹಾಲಕ್ಕಿಯನ್ನು ಓಡಿಸದಿರಲಿ. ಬಾಲಕಬಾಲಕಿಯರೇ, ಈ ಸಂಜೆ ಮನೆಯ ಹಿರಿಯರೊಡನೆ ಹೊಲದ ಅಂಚಿನಲ್ಲಿ ನಿಂತು ಆಲಿಸಿರಿ. ನೀವು ಹೆಜ್ಜೆಯಿಟ್ಟೊಡನೆ ನಾದ ನಿಲ್ಲುವುದು. ಏಕೆಂದು ಈಗ ನೀವೇ ಹೇಳಬಲ್ಲಿರಿ.