ಗುಂಡಿನ ವೇಗ ಅಳೆಯುವ ರೇಡಾರ್: ಕೊಳ್ಳುವ ಮುನ್ನ

ಪ್ರಶ್ನೆ: ಸಾರ್, ಹ್ಯೂಸ್ಟನ್ ಹತ್ತಿರದ ರೇಂಜಿನಲ್ಲಿ ವಾರಾಂತ್ಯಕ್ಕೆ 6.5 ಕ್ರೀಡ್‌ಮೂರ್ ರೈಫಲ್ ಹೊಡೆಯುತ್ತೇನೆ. ತೋಟಾ ನಾನೇ ಕಟ್ಟಿಕೊಳ್ಳುತ್ತೇನೆ. ಹೋದ ತಿಂಗಳು ಗೆಳೆಯನೊಬ್ಬ ನನ್ನ ಹಳೆಯ ಆಪ್ಟಿಕಲ್ ಕ್ರೊನೊಗ್ರಾಫ್‌ಗೇ ಗುಂಡು ಹೊಡೆದ. ಈಗ ರೇಡಾರ್ ತಗೊಳ್ಳೋಣ ಅಂತ ಇದ್ದೀನಿ. ಸೆಕೆಂಡ್ ಹ್ಯಾಂಡ್ ಲ್ಯಾಬ್‌ರೇಡಾರ್ ಒಂದು ಅಗ್ಗಕ್ಕೆ ಸಿಗುತ್ತಿದೆ. ಗಾರ್ಮಿನ್ ಹೊಸದು, ಬೆಲೆ ಜಾಸ್ತಿ. ಯಾವುದು ತಗೊಳ್ಳಲಿ?

ಉತ್ತರ: ಗೆಳೆಯನನ್ನು ಬೈಯಬೇಡಿ. ನಳಿಕೆಯಿಂದ ಹತ್ತು ಹದಿನೈದು ಅಡಿ ಮುಂದೆ, ಗುಂಡಿನ ದಾರಿಗೆ ಸರಿಯಾಗಿ ಅಡ್ಡ ಇಡಬೇಕಾದ ಯಂತ್ರಕ್ಕೆ ಒಂದಲ್ಲ ಒಂದು ದಿನ ಗುಂಡು ಬೀಳಲೇಬೇಕು. ಗುಂಡಿನ ನೆರಳು ಮೊದಲ ಸೆನ್ಸರ್ ದಾಟಿ ಎರಡನೆಯದನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಅದು ಅಳೆಯುತ್ತದೆ. ಲೆಕ್ಕ ಸರಳ, ತೊಂದರೆಯೆಲ್ಲ ಬೆಳಕಿನದು. ಬಿಸಿಲು ವಾರೆಯಾದರೆ ಒಂದು ಸಂಖ್ಯೆ, ಮೋಡ ಕವಿದರೆ ಇನ್ನೊಂದು. ಇಡಲು, ಸರಿಪಡಿಸಲು ಪ್ರತಿ ಸಲವೂ ರೇಂಜ್ ಆಫೀಸರ್ ಎಲ್ಲರ ಗುಂಡು ನಿಲ್ಲಿಸುವವರೆಗೆ ಕಾಯಬೇಕು.

ರೇಡಾರ್ ನಿಮ್ಮ ಬೆಂಚಿನ ಮೇಲೆಯೇ, ನಳಿಕೆಯ ಪಕ್ಕದಲ್ಲಿ ಕೂರುತ್ತದೆ. 24 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ತರಂಗವನ್ನು ಮುಂದಕ್ಕೆ ಬಿಡುತ್ತದೆ. ಓಡುತ್ತಿರುವ ಗುಂಡಿಗೆ ಬಡಿದು ಹಿಂದಿರುಗುವ ತರಂಗದ ಕಂಪನ ಸಂಖ್ಯೆ ತುಸು ಬದಲಾಗಿರುತ್ತದೆ. ಗುಂಡು ಸೆಕೆಂಡಿಗೆ 800 ಮೀಟರ್ ಓಡುತ್ತಿದ್ದರೆ ಆ ವ್ಯತ್ಯಾಸ ಸೆಕೆಂಡಿಗೆ ಸುಮಾರು 1,28,000 ಕಂಪನ. ಇದನ್ನು ಅಳೆಯುವುದು ಇವತ್ತಿನ ಎಲೆಕ್ಟ್ರಾನಿಕ್ಸ್‌ಗೆ ಕಷ್ಟವೇ ಅಲ್ಲ. ಹಾಗಾಗಿ ‘ಯಾವುದು ಹೆಚ್ಚು ನಿಖರ’ ಎಂಬ ಪ್ರಶ್ನೆಗೆ ಈಗ ಮೊದಲಿನಷ್ಟು ತೂಕವಿಲ್ಲ. ನೀವು ಹೇಳಿದ ಎರಡೂ ಯಂತ್ರಗಳ ತಯಾರಕರು ಶೇ 0.1ರ ನಿಖರತೆ ಹೇಳಿಕೊಳ್ಳುತ್ತಾರೆ. ನೀವು ಕೇಳಬೇಕಾದ್ದು ಬೇರೆ: ನನ್ನ ರೇಂಜಿನಲ್ಲಿ, ನನ್ನ ಅಕ್ಕಪಕ್ಕದವರ ನಡುವೆ, ಇದು ಪ್ರತಿ ಗುಂಡನ್ನೂ ಹಿಡಿಯುತ್ತದೆಯೇ?

ಕೆನಡಾದ ಕ್ವಿಬೆಕ್‌ನ ಇನ್ಫಿನಿಶನ್ ಕಂಪನಿಯ ಲ್ಯಾಬ್‌ರೇಡಾರ್ 2010ರ ದಶಕದ ಮಧ್ಯದಲ್ಲಿ ಬಂದಾಗ ದೊಡ್ಡ ಸುದ್ದಿಯೇ ಆಗಿತ್ತು. ಹೆಚ್ಚಾಗಿ ಸೈನ್ಯದ ಪರೀಕ್ಷಾ ರೇಂಜುಗಳಲ್ಲಿದ್ದ ಈ ಡಾಪ್ಲರ್ ತಂತ್ರ ಹವ್ಯಾಸಿಗಳ ಬೆಂಚಿಗೆ ಬಂದದ್ದು ಅದರಿಂದ. ಆದರೆ ಆ ಮೊದಲ ಮಾದರಿ ಅಗಲವಾದ ಕಿತ್ತಳೆ ಹಲಗೆಯಂಥದ್ದು, ಆರು ಎಎ ಬ್ಯಾಟರಿ ನುಂಗುತ್ತದೆ, ಗುರಿಯತ್ತ ಜೋಪಾನವಾಗಿ ತಿರುಗಿಸಿ ಇಡಬೇಕು. ಎಲ್ಲಕ್ಕಿಂತ ಮುಖ್ಯ, ಸಾಮಾನ್ಯವಾಗಿ ಅದು ಗುಂಡಿನ ಶಬ್ದ ಕೇಳಿ ಎಚ್ಚರಗೊಳ್ಳುವ ಯಂತ್ರ. ಪಕ್ಕದ ಬೆಂಚಿನವರು ಮಜಲ್ ಬ್ರೇಕ್ ಹಾಕಿದ ರೈಫಲ್ ಹೊಡೆದರೆ ಅದೂ ನಿಮ್ಮದೇ ಗುಂಡು ಎಂದುಕೊಂಡು ಹುಡುಕಲು ಶುರುಮಾಡುತ್ತದೆ. ಶಬ್ದಕ್ಕೆ ಅಷ್ಟು ಬೇಗ ಎಚ್ಚರಗೊಳ್ಳದಂತೆ ತಗ್ಗಿಸಿದರೆ ನಿಮ್ಮ ಗುಂಡನ್ನೇ ಬಿಟ್ಟುಬಿಡುತ್ತದೆ. ತೋಟದ ಮನೆಯಲ್ಲಿ ಒಬ್ಬರೇ ಹೊಡೆಯುವವರಿಗೆ ಇದು ಸಮಸ್ಯೆಯಲ್ಲ. ಶನಿವಾರದ ಹ್ಯೂಸ್ಟನ್ ರೇಂಜಿನಲ್ಲಿ ಸಮಸ್ಯೆಯೇ.

2023ರ ಕೊನೆಗೆ 600 ಡಾಲರ್ ಬೆಲೆಯಲ್ಲಿ ಬಂದ ಗಾರ್ಮಿನ್ ಜೀರೋ ಸಿ1 ಪ್ರೊ ಈ ತಾಪತ್ರಯವನ್ನು ತೆಗೆದುಹಾಕಿತು. ಅಂಗೈಯಲ್ಲಿ ಹಿಡಿಸುವ ಗಾತ್ರ, ಒಳಗೇ ಚಾರ್ಜ್ ಆಗುವ ಬ್ಯಾಟರಿ, ಸೆಕೆಂಡಿಗೆ 100ರಿಂದ 5,000 ಅಡಿಯವರೆಗಿನ ವೇಗ. ಮೈಕ್ ನಂಬಿ ಕೂರುವುದಿಲ್ಲ. ಅದರ ಬೆನ್ನಿಗೇ ಅಥ್ಲಾನ್ ರೇಂಜ್‌ಕ್ರಾಫ್ಟ್‌ನಂಥ ಪುಟ್ಟ ಯಂತ್ರಗಳು ಇನ್ನೂ ಕಡಿಮೆ ಬೆಲೆಗೆ ಬಂದವು, ಲ್ಯಾಬ್‌ರೇಡಾರ್ ಕೂಡ ಎಲ್‌ಎಕ್ಸ್ ಎಂಬ ಚಿಕ್ಕ ಮಾದರಿ ತಂದಿತು. ಹಳೆಯ ಲ್ಯಾಬ್‌ರೇಡಾರ್ ಒಂದು ಕೆಲಸ ಮಾತ್ರ ಹೆಚ್ಚಿಗೆ ಮಾಡುತ್ತದೆ: ಗುಂಡನ್ನು ಸುಮಾರು 100 ಗಜದವರೆಗೂ ಹಿಂಬಾಲಿಸಿ, ನೀವು ಕೇಳಿದ ದೂರಗಳಲ್ಲಿನ ವೇಗವನ್ನೂ ತೋರಿಸುತ್ತದೆ. ಅದರಿಂದ ಗುಂಡಿನ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ (ಗಾಳಿಯ ತಡೆಯನ್ನು ಮೀರಿ ವೇಗ ಉಳಿಸಿಕೊಳ್ಳುವ ಗುಣದ ಅಳತೆ) ಕಂಡುಹಿಡಿಯುತ್ತೇನೆ ಎನ್ನುವವರಿದ್ದಾರೆ. ಅಷ್ಟು ಕಡಿಮೆ ದೂರದಲ್ಲಿ ತಗ್ಗುವ ವೇಗವೇ ಕಡಿಮೆ, ಅದರಲ್ಲಿ ಸೆಕೆಂಡಿಗೆ ನಾಲ್ಕೈದು ಅಡಿ ತಪ್ಪಿದರೂ ಲೆಕ್ಕ ಕೆಡುತ್ತದೆ. ಆ ಒಂದು ಆಸೆಗಾಗಿ ಹಳೆಯದನ್ನು ಕೊಳ್ಳಬೇಡಿ. ನಿಮ್ಮ ಜಾಗಕ್ಕೆ ಅಂಗೈಯಷ್ಟರ ರೇಡಾರೇ ಸರಿ. ಅಥ್ಲಾನ್ ಕೊಂಡು ಉಳಿದ ದುಡ್ಡಿಗೆ ಮದ್ದು ಕೊಂಡರೂ ನಾನು ತಕರಾರು ಮಾಡುವುದಿಲ್ಲ.

ಪ್ರಶ್ನೆ: ರೇಡಾರ್ ಸ್ವಲ್ಪ ವಾರೆಯಾಗಿ ಇಟ್ಟರೂ ವೇಗ ತಪ್ಪು ಬರುತ್ತದೆ ಅಂತ ನಮ್ಮ ಕ್ಲಬ್ಬಿನಲ್ಲಿ ಒಬ್ಬರು ಹಟ ಹಿಡಿದಿದ್ದಾರೆ. ನನ್ನದು ಮತ್ತು ಅವರದು ಒಂದೇ ಗುಂಡಿಗೆ ಸೆಕೆಂಡಿಗೆ 4 ಅಡಿ ವ್ಯತ್ಯಾಸ ತೋರಿಸಿತು. ಯಾರದು ಸರಿ? – ಡೆಟ್ರಾಯ್ಟ್‌ನಿಂದ

ಉತ್ತರ: ಕ್ಲಬ್ಬಿನವರ ಮಾತಿನಲ್ಲಿ ಅರ್ಧ ನಿಜವಿದೆ. ರೇಡಾರ್‌ಗೆ ಕಾಣುವುದು ಗುಂಡು ತನ್ನಿಂದ ದೂರ ಸರಿಯುವ ವೇಗ. ರೇಡಾರ್ ನಳಿಕೆಯಿಂದ ಒಂದು ಅಡಿ ಪಕ್ಕದಲ್ಲಿದ್ದರೆ ಗುಂಡನ್ನು ಓರೆಯಾಗಿ ನೋಡುತ್ತದೆ, ಆದ್ದರಿಂದ ಕಾಣುವ ವೇಗ ನಿಜಕ್ಕಿಂತ ಕಡಿಮೆ. ಗುಂಡು ಹತ್ತು ಅಡಿ ದೂರದಲ್ಲಿದ್ದಾಗ ಈ ಕೊರತೆ ಶೇ ಅರ್ಧದಷ್ಟು, ಅಂದರೆ ಸೆಕೆಂಡಿಗೆ 2,700 ಅಡಿ ವೇಗಕ್ಕೆ 13 ಅಡಿ. ಮೂವತ್ತಮೂರು ಅಡಿ ದಾಟುವ ಹೊತ್ತಿಗೆ ಅದು ಸೆಕೆಂಡಿಗೆ ಒಂದು ಅಡಿಯಷ್ಟಕ್ಕೆ ಇಳಿಯುತ್ತದೆ, ನೂರು ಅಡಿಯಲ್ಲಿ ಲೆಕ್ಕಕ್ಕೇ ಇಲ್ಲ. ಯಂತ್ರದೊಳಗಿನ ಸಾಫ್ಟ್‌ವೇರ್ ಇದನ್ನೆಲ್ಲ ಸರಿಪಡಿಸಿಕೊಂಡು, ಮುಂದಿನ ಹಲವು ಅಳತೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ, ನಳಿಕೆಯ ಬಾಯಲ್ಲಿ ವೇಗ ಎಷ್ಟಿತ್ತು ಎಂದು ತೋರಿಸುತ್ತದೆ. ಹಾಗಾಗಿ ಯಂತ್ರ ನಳಿಕೆಯಿಂದ ಎಷ್ಟು ದೂರ ಇರಬೇಕು ಎಂದು ಕೈಪಿಡಿ ಹೇಳಿದೆಯೋ ಅಷ್ಟೇ ದೂರ ಇಡಿ. ಆ ದೂರವನ್ನು ಸೆಟ್ಟಿಂಗ್‌ನಲ್ಲಿ ಕೇಳುವ ಯಂತ್ರವಾದರೆ ಸುಳ್ಳು ಹೇಳಬೇಡಿ.

ಆದರೆ ಯಂತ್ರದ ಮುಖ ಎತ್ತ ತಿರುಗಿದೆ ಎಂಬುದು ಈ ಕೋನದಲ್ಲಿ ಬರುವುದೇ ಇಲ್ಲ. ಕೋನ ಇರುವುದು ಗುಂಡಿನ ದಾರಿಗೂ ಯಂತ್ರದಿಂದ ಗುಂಡಿಗೆ ಎಳೆದ ಗೆರೆಗೂ ನಡುವೆ. ಮುಖ ವಾರೆಯಾದರೆ ತರಂಗದ ಬಲ ಕಡಿಮೆಯಾಗಿ ಗುಂಡು ಸಿಗದೇ ಹೋಗಬಹುದು. ಸಿಕ್ಕ ಗುಂಡಿನ ವೇಗ ತಪ್ಪಾಗುವುದಿಲ್ಲ.

ಇನ್ನು 4 ಅಡಿಯ ಜಗಳ. ಶೇ 0.1 ಎಂದರೆ 2,700ಕ್ಕೆ 2.7 ಅಡಿ. ಒಂದು ಯಂತ್ರ ಮೇಲಕ್ಕೆ, ಇನ್ನೊಂದು ಕೆಳಕ್ಕೆ ವಾಲಿದರೆ ಐದು ಅಡಿ ವ್ಯತ್ಯಾಸವೂ ಎರಡೂ ಕಂಪನಿಗಳ ಮಾತಿನೊಳಗೇ ಇದೆ. ಇಬ್ಬರೂ ಗೆದ್ದಿರಿ ಎಂದುಕೊಂಡು ಕಾಫಿ ಕುಡಿಯಿರಿ.

ಪ್ರಶ್ನೆ: ಐದು ಗುಂಡು ಹೊಡೆದೆ. ಗಾರ್ಮಿನ್ ನನ್ನ ಸ್ಟ್ಯಾಂಡರ್ಡ್ ಡೀವಿಯೇಶನ್ 5 ಎಂದು ತೋರಿಸಿತು. ಮದ್ದನ್ನು 0.2 ಗ್ರೇನ್ ಹೆಚ್ಚಿಸಿ ಮತ್ತೆ ಐದು ಹೊಡೆದೆ, 11 ಬಂತು. ಮೊದಲಿನದೇ ಒಳ್ಳೆಯದು ಅಂತ ಅದನ್ನೇ ಇಟ್ಟುಕೊಂಡೆ. ಮುಂದಿನ ವಾರ ಅದೇ ಮೊದಲಿನ ಮದ್ದಿಗೆ 12 ಬಂತು! ಯಂತ್ರ ಕೆಟ್ಟಿದೆಯಾ? – ಆಸ್ಟಿನ್‌ನಿಂದ

ಉತ್ತರ: ಯಂತ್ರ ಚೆನ್ನಾಗಿದೆ. ರೇಡಾರ್ ಬಂದ ಮೇಲೆ ಅಳೆಯುವುದು ಎಷ್ಟು ಸುಲಭವಾಗಿದೆಯೆಂದರೆ, ಐದು ಗುಂಡಿನ ಸಂಖ್ಯೆಗೂ ದೇವರ ಪ್ರಸಾದದ ಗೌರವ ಸಿಗುತ್ತಿದೆ.

ಸಂಖ್ಯಾಶಾಸ್ತ್ರ ಹೇಳುವುದಿಷ್ಟು. ಐದು ಗುಂಡು ಹೊಡೆದು 5 ಅಡಿ ಬಂದರೆ, ನಿಮ್ಮ ತೋಟಾದ ನಿಜವಾದ ಡೀವಿಯೇಶನ್, ಅಂದರೆ ವೇಗಗಳು ಸರಾಸರಿಯಿಂದ ಚದುರುವ ಅಳತೆ, 3ರಿಂದ 14 ಅಡಿಯ ನಡುವೆ ಎಲ್ಲಿ ಬೇಕಾದರೂ ಇರಬಹುದು, ಅದೂ ನೂರಕ್ಕೆ 95ರ ಭರವಸೆಯಲ್ಲಿ. 11 ಬಂದರೆ ನಿಜ 6.6ರಿಂದ 32ರವರೆಗೆ. ಈ ಎರಡು ಹರವುಗಳು ಎಷ್ಟು ಒಂದರ ಮೇಲೊಂದು ಬಿದ್ದಿವೆ ನೋಡಿ. ನಿಮ್ಮ ಎರಡು ಮದ್ದುಗಳ ನಡುವೆ ವ್ಯತ್ಯಾಸವಿದೆ ಎನ್ನಲು ನಿಮ್ಮ ಹತ್ತಿರ ಸಾಕ್ಷಿಯೇ ಇರಲಿಲ್ಲ. ಮುಂದಿನ ವಾರದ 12 ನಿಮಗೆ ಮೋಸ ಮಾಡಿದ್ದಲ್ಲ, ಮೊದಲ ವಾರದ 5 ಮಾಡಿದ್ದು. ಹತ್ತು ಗುಂಡಿಗೆ ಹರವು ಬಂದ ಸಂಖ್ಯೆಯ 0.7ರಿಂದ 1.8 ಪಟ್ಟಿಗೆ ಇಳಿಯುತ್ತದೆ, ಇಪ್ಪತ್ತಕ್ಕೆ 0.76ರಿಂದ 1.46 ಪಟ್ಟಿಗೆ. ಇಪ್ಪತ್ತಕ್ಕಿಂತ ಕಡಿಮೆ ಗುಂಡಿನ ಡೀವಿಯೇಶನ್ ಇಟ್ಟುಕೊಂಡು ಮದ್ದು ಆರಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಗುಂಡು ದುಬಾರಿ ಎನ್ನುವಿರಿ. ನಿಜ. ಆದರೆ ಐದೈದರಂತೆ ಎಂಟು ಮದ್ದು ಪರೀಕ್ಷಿಸಿದರೆ ನಲವತ್ತು ಗುಂಡು ಹೋದವು, ತಿಳಿದದ್ದು ಏನೂ ಇಲ್ಲ. ಎರಡೇ ಮದ್ದಿಗೆ ಇಪ್ಪತ್ತಿಪ್ಪತ್ತು ಹೊಡೆದರೆ ಅದೇ ನಲವತ್ತು.

ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ವೇಗದ ಅಂತರವನ್ನು ಹಿಡಿದು ಹೋಲಿಸುವುದು ಇನ್ನೂ ಕೆಟ್ಟದ್ದು. ಅದು ಗುಂಡು ಹೆಚ್ಚಿದಂತೆ ತಾನೂ ಬೆಳೆಯುತ್ತದೆ. ಒಂದೇ ತೋಟಾಕ್ಕೆ ಐದು ಗುಂಡಿನ ಅಂತರ ಡೀವಿಯೇಶನ್ನಿನ ಸರಾಸರಿ 2.3 ಪಟ್ಟಿದ್ದರೆ, ಇಪ್ಪತ್ತರಲ್ಲಿ 3.7 ಪಟ್ಟು. ‘ನನ್ನದು ಬರೀ 12 ಅಡಿ ಅಂತರ’ ಎಂದು ಹೇಳುವವರನ್ನು ಎಷ್ಟು ಗುಂಡಿಗೆ ಎಂದು ಮೊದಲು ಕೇಳಿ.

ಇಷ್ಟೆಲ್ಲ ಒದ್ದಾಟ ಬೇಕೇ ಎಂಬುದು ನೀವು ಎಷ್ಟು ದೂರ ಹೊಡೆಯುತ್ತೀರಿ ಎಂಬುದರ ಮೇಲಿದೆ. 6.5 ಕ್ರೀಡ್‌ಮೂರ್‌ನ 140 ಗ್ರೇನ್ ಗುಂಡಿಗೆ 1,000 ಗಜದಲ್ಲಿ 10 ಅಡಿ ವೇಗದ ವ್ಯತ್ಯಾಸವೆಂದರೆ ಏಟು ಆರೇಳು ಸೆಂಟಿಮೀಟರ್ ಮೇಲೆ ಕೆಳಗೆ. ನೂರು ಗಜದ ಕಾಗದದ ಗುರಿಯಲ್ಲಿ ಅದು ಕಾಣುವುದೇ ಇಲ್ಲ. ದೂರದ ಹೊಡೆತಕ್ಕೆ ಮೊದಲು ಬೇಕಾದ್ದು ಸರಿಯಾದ ಸರಾಸರಿ ವೇಗ. ಅದು ಹತ್ತು ಗುಂಡಿಗೇ ಸಾಕಷ್ಟು ಗಟ್ಟಿಯಾಗಿ ಸಿಗುತ್ತದೆ. ಪಕ್ಕದಲ್ಲಿ ಆ ದಿನದ ತಾಪಮಾನವನ್ನೂ ಬರೆದಿಡಿ.

ಪ್ರಶ್ನೆ: ಮದ್ದಿನ ಪುಸ್ತಕ 2,710 ಅಡಿ ಎನ್ನುತ್ತದೆ, ಅದೇ ತೂಕಕ್ಕೆ ನನ್ನ ರೇಡಾರ್ 2,790 ತೋರಿಸುತ್ತಿದೆ. ಒಳ್ಳೆಯ ನಳಿಕೆ ಸಿಕ್ಕಿದೆ ಎಂದು ಖುಷಿಪಡಬಹುದೇ? – ಫೀನಿಕ್ಸ್‌ನಿಂದ

ಉತ್ತರ: ಬೇಡ. ಮೊದಲು ಪುಸ್ತಕದವರ ನಳಿಕೆ ಎಷ್ಟು ಉದ್ದ, ನಿಮ್ಮದು ಎಷ್ಟು ಎಂದು ನೋಡಿ. ಒಂದು ಇಂಚಿಗೆ ಇಪ್ಪತ್ತರಿಂದ ಮೂವತ್ತು ಅಡಿ ಹೆಚ್ಚುಕಡಿಮೆ ಆಗುವುದುಂಟು. ಉದ್ದ ಒಂದೇ ಆಗಿದ್ದರೆ ಆ ಹೆಚ್ಚಿನ ವೇಗ ಬಂದಿರುವುದು ಹೆಚ್ಚಿನ ಒತ್ತಡದಿಂದ. ಕೋವಿಯೊಳಗೆ ಪುಕ್ಕಟೆ ವೇಗ ಎಂಬುದಿಲ್ಲ. ಫೀನಿಕ್ಸ್‌ನ ಬಿಸಿಲಿನಲ್ಲಿ ಬೆಂಚಿನ ಮೇಲೆ ತೋಟಾ ಕಾದಿದ್ದರೂ, ಬಿಸಿ ನಳಿಕೆಯಲ್ಲಿ ತೋಟಾ ಕೂತಿದ್ದರೂ ಹೀಗಾಗುತ್ತದೆ. ಮದ್ದು ಇಳಿಸಿ, ಪುಸ್ತಕದ ಆರಂಭದ ತೂಕದಿಂದ ಮತ್ತೆ ಮೇಲೆ ಬನ್ನಿ. ರೇಡಾರ್ ನಿಮಗೆ ಕೊಟ್ಟ ಅತ್ಯಂತ ಬೆಲೆಬಾಳುವ ಸಂಖ್ಯೆ ಇದೇ.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. .177 ಪಿಸಿಪಿ (ಮೊದಲೇ ಗಾಳಿ ತುಂಬಿಸಿಡುವ) ಏರ್ ರೈಫಲ್ ಕೊಂಡಿದ್ದೇನೆ. 12 ಫುಟ್‌ಪೌಂಡ್ ದಾಟಬಾರದು ಎನ್ನುತ್ತಾರೆ. ಇಷ್ಟಕ್ಕೆ ರೇಡಾರ್ ಬೇಕೇ?

ಉತ್ತರ: ಅಳತೆ ಬೇಕೇ ಬೇಕು. ಪ್ರಮಾಣಪತ್ರವಿಲ್ಲದೆ 12 ಫುಟ್‌ಪೌಂಡ್ ಮೀರಿದ ಏರ್ ರೈಫಲ್ ಇಟ್ಟುಕೊಳ್ಳುವುದು ಅಲ್ಲಿ ಅಪರಾಧ. ‘ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಪೆಲೆಟ್ಟಿನ ತೂಕವನ್ನು ಗ್ರೇನ್‌ನಲ್ಲಿ ತೆಗೆದುಕೊಂಡು ವೇಗದ ವರ್ಗದಿಂದ ಗುಣಿಸಿ, 4,50,240ರಿಂದ ಭಾಗಿಸಿ. 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ 800 ಅಡಿ ಮುಟ್ಟಿದರೆ ಸರಿಯಾಗಿ 12. ವೇಗ ವರ್ಗವಾಗುವುದರಿಂದ ಅಲ್ಲಿ ಶೇ 1 ಏರಿದರೆ ಶಕ್ತಿ ಶೇ 2 ಏರುತ್ತದೆ. ಆದ್ದರಿಂದ 785ರ ಸುತ್ತ, ಅಂದರೆ ಹನ್ನೊಂದೂವರೆಯಲ್ಲಿ ನಿಲ್ಲಿಸುವುದು ಜಾಣತನ. ಪಿಸಿಪಿ ರೈಫಲ್‌ಗಳಲ್ಲಿ ಭಾರದ ಪೆಲೆಟ್ ಸಾಮಾನ್ಯವಾಗಿ ಹೆಚ್ಚು ಶಕ್ತಿ ಪಡೆಯುತ್ತದೆ. ಒಂದೇ ಡಬ್ಬಿಯಲ್ಲಿ ಅಳೆದು ಸುಮ್ಮನಾಗಬೇಡಿ, ನೀವು ಬಳಸಬಹುದಾದ ಅತಿ ಭಾರದ್ದನ್ನೂ ಹೊಡೆದು ನೋಡಿ.

ಇಷ್ಟು ಕೆಲಸಕ್ಕೆ ದೊಡ್ಡ ರೇಡಾರ್ ಬೇಡ. ಸ್ವೀಡನ್ನಿನ ಎಫ್‌ಎಕ್ಸ್ ಕಂಪನಿ ಏರ್ ರೈಫಲ್‌ಗಳಿಗೆಂದೇ ಮೊಬೈಲ್ ಆ್ಯಪ್ ಜೊತೆ ನಡೆಯುವ ಪುಟ್ಟ ರೇಡಾರ್ ಮಾಡಿದೆ, ಅದು ಸಾಕು. ನಿಮ್ಮ ಕ್ಲಬ್ಬಿನಲ್ಲಿ ಯಾರಲ್ಲಾದರೂ ಇದ್ದರೆ ಅದೂ ಬೇಡ. ಒಂದು ಎಚ್ಚರಿಕೆ: ಸ್ಕಾಟ್ಲೆಂಡ್‌ಗೆ ಮನೆ ಬದಲಾಯಿಸಿದರೆ ಇದೇ ರೈಫಲ್‌ಗೂ ಪ್ರಮಾಣಪತ್ರ ಬೇಕಾಗುತ್ತದೆ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಜೊತೆಯ ಹುಡುಗನ ಮನೆಯವರು ಅಮೆರಿಕದಿಂದ ರೇಡಾರ್ ತರಿಸಿದ್ದಾರೆ. ನಾವೂ ತರಿಸಬೇಕಾ?

ಉತ್ತರ: ಬೇಡ ಮೇಡಂ. ಪಂದ್ಯದ ರೈಫಲ್‌ನಲ್ಲಿ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಹತ್ತು ಮೀಟರ್ ದಾಟುವಾಗ ಅದು ಬೀಳುವುದು ಹದಿನೇಳು ಹದಿನೆಂಟು ಮಿಲಿಮೀಟರ್. ವೇಗ 1 ಮೀಟರ್ ಏರಿಳಿದರೆ ಏಟು ಸರಿಯುವುದು 0.2 ಮಿಲಿಮೀಟರ್. ಹತ್ತರ ಚುಕ್ಕಿಯ ಅಗಲ 0.5 ಮಿಲಿಮೀಟರ್ ಆದ್ದರಿಂದ ದಶಾಂಶದ ಮಟ್ಟದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಮಗಳ ನಿಲುವು, ಉಸಿರು, ಟ್ರಿಗರ್ ಎಲ್ಲ ಅಲ್ಲಿಗೆ ಮುಟ್ಟಿದ ಮೇಲೆ. ಕೆಲವು ತಿಂಗಳಿಗೊಮ್ಮೆ ಕ್ಲಬ್ಬಿನಲ್ಲಿ ವೇಗ ನೋಡಿಸಿ. ಮೊದಲಿಗಿಂತ ಇಳಿದಿದ್ದರೆ ಅಥವಾ ಒಂದೊಂದು ಏಟಿಗೆ ಒಂದೊಂದು ವೇಗ ಬರುತ್ತಿದ್ದರೆ ರೆಗ್ಯುಲೇಟರ್ ಅಥವಾ ಸೀಲು ನೋಡುವ ಕಾಲ ಬಂತು ಎಂದರ್ಥ. ಆ ದುಡ್ಡಿಗೆ ಬೇರೆ ಬೇರೆ ಬ್ಯಾಚಿನ ಪೆಲೆಟ್ ತಂದು ಅವಳ ರೈಫಲ್‌ಗೆ ಯಾವುದು ಒಪ್ಪುತ್ತದೆ ನೋಡಿ.

ಪ್ರಶ್ನೆ: ಕೈಲ್‌ಪೊಳ್ದ್ ಹಬ್ಬಕ್ಕೆ ನಮ್ಮಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ಅಮೆರಿಕದಲ್ಲಿರುವ ಭಾವ ಈ ಸಲ ರೇಡಾರ್ ತರುತ್ತೇನೆ ಎನ್ನುತ್ತಾರೆ. ನಮ್ಮ 12 ಬೋರ್ ಕೋವಿಗೆ ನಡೆಯುತ್ತದೆಯಾ? – ವಿರಾಜಪೇಟೆಯಿಂದ

ಉತ್ತರ: ಒಂಟಿ ಗುಂಡಿನ ತೋಟಾ ಆದರೆ ನಡೆಯುತ್ತದೆ. ಚರೆಯ ತೋಟಾದಲ್ಲಿ ಕಾಳುಗಳ ಜೊತೆಗೆ ವ್ಯಾಡ್ (ಮದ್ದಿಗೂ ಕಾಳಿಗೂ ನಡುವಿನ ತುಂಡು) ಕೂಡ ಹಾರುತ್ತದೆ, ಅದು ಹಗುರವಾದ್ದರಿಂದ ಬೇಗ ನಿಧಾನವಾಗುತ್ತದೆ. ರೇಡಾರ್ ಯಾವುದನ್ನು ಹಿಡಿದು ಸಂಖ್ಯೆ ತೋರಿಸಿತು ಎಂದು ಹೇಳುವುದು ಕಷ್ಟ. ಕಾಯಿ ಒಡೆಯುವುದಕ್ಕೂ ಆ ಸಂಖ್ಯೆಗೂ ಸಂಬಂಧ ಕಡಿಮೆ. ಭಾವನವರು ತರುವುದೇ ಆದರೆ ಇದು ರೇಡಿಯೋ ತರಂಗ ಬಿಡುವ ಉಪಕರಣ, ತರುವ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಲಿ. ನೀವು ಮಾತ್ರ ಪಂದ್ಯದಷ್ಟೇ ದೂರದಲ್ಲಿ, ಹಿಂದೆ ದಪ್ಪ ಮಣ್ಣಿನ ದಿಬ್ಬವಿರುವ ಕಡೆ, ಅಗಲವಾದ ಕಾಗದ ಕಟ್ಟಿ ಹೊಡೆಯಿರಿ. ಒಂಟಿ ಗುಂಡಾದರೆ ಏಟು ಗುರಿಗಿಂತ ಎತ್ತ ಸರಿದಿದೆ ನೋಡಿ, ಚರೆಯಾದರೆ ತೆಂಗಿನಕಾಯಿ ಅಗಲದ ವೃತ್ತ ಎಳೆದು ಒಳಗೆ ಎಷ್ಟು ಕಾಳು ಬಿದ್ದವು ಎಣಿಸಿ. ಎರಡು ಮೂರು ಬಗೆಯ ತೋಟಾ ಹೀಗೆ ನೋಡಿದರೆ ನಿಮ್ಮ ಕೋವಿಗೆ ಯಾವುದು ಎಂದು ಗೊತ್ತಾಗುತ್ತದೆ.