ನಮ್ಮ ನಾಡಿನ ದೊಡ್ಡ ಕಾರು



ನಮ್ಮ ಮಲಪನಗುಡಿ ದಾರಿಯಲ್ಲಿ ದಿನಾ ಎಷ್ಟೋ ಕಾರು ಓಡಾಡುತ್ತವೆ. ಕೆಲವು ಹಂಪಿ ನೋಡಲು ಬಂದವರ ಕಾರು. ಕೆಲವು ಮದುವೆಗೆ, ಜಾತ್ರೆಗೆ ಹೊರಟವರ ಕಾರು. ಅವುಗಳಲ್ಲಿ ಮನೆ ಮಂದಿಯೆಲ್ಲ ಕೂರುವ ದೊಡ್ಡ ಕಾರು ಒಂದಿದೆ. ಅದರ ಹೆಸರು ಇನ್ನೋವಾ.

ಈ ಕಾರು ಎಲ್ಲಿ ತಯಾರಾಗುತ್ತದೆ? ದೂರದ ಜಪಾನಿನಲ್ಲಾ? ಅಲ್ಲ. ನಮ್ಮ ಕರ್ನಾಟಕದಲ್ಲೇ! ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿ ಎಂಬ ಊರಿದೆ. ಅಲ್ಲಿ ಇದರ ಕಾರ್ಖಾನೆ ಇದೆ.

ಕಾರ್ಖಾನೆ ಬಂತು

ಟೊಯೋಟಾ ಜಪಾನಿನ ಕಂಪನಿ. ಕಿರ್ಲೋಸ್ಕರ್ ಹೆಸರು ನಮಗೆ ಹೊಸದಲ್ಲ. ಹೊಲದ ಪಂಪಿನ ಮೇಲೆ ಆ ಹೆಸರು ನೋಡಿದ್ದೇವೆ. ಹಿಂದೆ ಕಬ್ಬಿಣದ ನೇಗಿಲು ಮಾಡಿದ ಮನೆತನ ಅದು. 1997ರಲ್ಲಿ ಇಬ್ಬರೂ ಕೂಡಿ ಕಂಪನಿ ಕಟ್ಟಿದರು.

2000ದಲ್ಲಿ ಅವರ ಮೊದಲ ಕಾರು ಮಾರಾಟಕ್ಕೆ ಬಂತು. ಅದರ ಹೆಸರು ಕ್ವಾಲಿಸ್. ಇದರ ಮೂಲ ಇಂಡೋನೇಷ್ಯಾ ದೇಶದ ಕಿಜಾಂಗ್ ಎಂಬ ಗಾಡಿ. ಕಿಜಾಂಗ್ ಅಂದರೆ ಒಂದು ಜಾತಿಯ ಜಿಂಕೆ. ಆ ಗಾಡಿ ಅಲ್ಲಿ 1977ರಿಂದಲೇ ಓಡುತ್ತಿತ್ತು.

ಕ್ವಾಲಿಸ್ ನೋಡಲು ಪೆಟ್ಟಿಗೆಯ ಹಾಗೆ ಇತ್ತು. ಆದರೆ ಗಟ್ಟಿ ಗಾಡಿ. ಜನ ಮೆಚ್ಚಿದರು. ಬಾಡಿಗೆ ಓಡಿಸುವವರು ಹೆಚ್ಚು ಕೊಂಡರು.

ಹೆಸರು ಉಳಿಯಿತು, ಕಾರು ಬದಲಾಯಿತು

2005ರಲ್ಲಿ ಕ್ವಾಲಿಸ್ ನಿಂತಿತು. ಚೆನ್ನಾಗಿ ಮಾರಾಟ ಆಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಇನ್ನೋವಾ ಬಂತು. 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು. 2022ರಲ್ಲಿ ಇನ್ನೋವಾ ಹೈಕ್ರಾಸ್ ತೋರಿಸಿದರು. ಇದರಲ್ಲಿ ಪೆಟ್ರೋಲ್ ಜೊತೆಗೆ ಬ್ಯಾಟರಿಯೂ ಕೆಲಸ ಮಾಡುವ ಮಾದರಿ ಇದೆ. ಆಗ ಎಣ್ಣೆ ಖರ್ಚು ಕಡಿಮೆ.

ಕಾರಿನ ಮೈ ಉಕ್ಕಿನ ತಗಡು. ಅಂಥ ತಗಡು ನಮ್ಮ ಸಂಡೂರು ಸೀಮೆಯ ತೋರಣಗಲ್ಲಿನಲ್ಲೂ ತಯಾರಾಗುತ್ತದೆ. ನಮ್ಮ ಗುಡ್ಡದ ಕೆಂಪು ಮಣ್ಣೇ ಉಕ್ಕಾಗುತ್ತದೆ ನೋಡಿ!

ಬಿಡದಿ ಕಾರ್ಖಾನೆಯಲ್ಲಿ 2007ರಲ್ಲಿ ಒಂದು ತರಬೇತಿ ಶಾಲೆ ಶುರುವಾಯಿತು. ಹತ್ತನೇ ತರಗತಿ ಪಾಸಾದ ಬಡ ಮಕ್ಕಳಿಗೆ ಅಲ್ಲಿ ಕೆಲಸ ಕಲಿಸುತ್ತಾರೆ. ಮೊದಲು ಗಂಡು ಹುಡುಗರೇ ಇದ್ದರು. ಆಮೇಲೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮಗಳ ಓದು ಅರ್ಧಕ್ಕೆ ಬಿಡಿಸಿದರೆ ಈ ಬಾಗಿಲು ಮುಚ್ಚಿದ ಹಾಗೆ.

ಕಾರು ಹತ್ತುವ ಮುಂಚೆ ಓದೋಣ

ನಾವೂ ಬಾಡಿಗೆ ಕಾರು ಮಾಡುತ್ತೇವೆ. ಆಗ ಈ ಮೂರು ನೋಡೋಣ.

1. ನಂಬರ್ ಪ್ಲೇಟಿನ ಬಣ್ಣ. ಹಳದಿ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಗಾಡಿ. ಬಿಳಿ ಮೇಲೆ ಕಪ್ಪು ಇದ್ದರೆ ಸ್ವಂತ ಗಾಡಿ. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆ ಹಣಕ್ಕೆ ತೊಂದರೆ.
2. ನಂಬರ್. ಕೆಎ ಅಂದರೆ ಕರ್ನಾಟಕ. 35 ಅಂದರೆ ಹೊಸಪೇಟೆ. ನಂಬರ್ ಬರೆದು ಮನೆಯಲ್ಲಿ ಕೊಟ್ಟು ಹೋಗೋಣ.
3. ಸೀಟು. 7 ಸೀಟು ಅಂದರೆ ಡ್ರೈವರ್ ಸೇರಿ 7. ನಾವು 6 ಜನ ಮಾತ್ರ. ತುಂಬಿ ತುಳುಕಿಸಿದರೆ ಜೀವಕ್ಕೆ ಅಪಾಯ.

ಕಾರು ನಮ್ಮದಲ್ಲದಿರಬಹುದು. ಅದರಲ್ಲಿ ಕೂರುವ ಜೀವ ನಮ್ಮದು. ಓದಿ ನೋಡಿಯೇ ಹತ್ತೋಣ.

ಉತ್ತರ ಬರೆಯಿರಿ

1. ಇನ್ನೋವಾ ಕಾರ್ಖಾನೆ ಯಾವ ಊರಲ್ಲಿದೆ?
2. ಕ್ವಾಲಿಸ್ ಎಷ್ಟು ವರ್ಷ ಮಾರಾಟವಾಯಿತು? 2005ರಲ್ಲಿ 2000 ಕಳೆಯಿರಿ.
3. 8 ಸೀಟಿನ ಕಾರಿನಲ್ಲಿ ಡ್ರೈವರ್ ಬಿಟ್ಟು ಎಷ್ಟು ಜನ ಕೂರಬಹುದು?
4. ನಿಮ್ಮ ಓಣಿಯಲ್ಲಿ ನಿಂತ ಒಂದು ಗಾಡಿಯ ನಂಬರ್ ಓದಿ, ಇಲ್ಲಿ ಬರೆಯಿರಿ.